ಆಂಜೆಲಾ ಬಾಯಿಯ ಹನ್ನೆರಡು ಪ್ಲೇಟುಗಳು

ಕಾಪುವಿನ ಆಂಜೆಲಾ ಬಾಯಿಗೆ ಮನುಷ್ಯರಿಗಿಂತ ಪಿಂಗಾಣಿಯ ಮೇಲೆ ನಂಬಿಕೆ ಜಾಸ್ತಿ. ಗಂಡ ರೊಸಾರಿಯೊ ಕುವೈತಿನಿಂದ ತಂದ ಹನ್ನೆರಡು ಪ್ಲೇಟುಗಳು, ನೆರೆಕರೆಯಲ್ಲಿ ಯಾರ ಮನೆಗೆ ಪಾದ್ರಿಗಳು ಊಟಕ್ಕೆ ಬಂದರೂ ಅಲ್ಲಿಗೆ ಹೋಗಿ ಬರುತ್ತಿದ್ದವು. ಕೊಡುವಾಗ ಬಾಯಿ ಮಹಾ ಧಾರಾಳಿ, ಒಂದನ್ನೂ ತಿರುಗಿಸಿ ನೋಡುವವಳಲ್ಲ. ವಾಪಸು ಬಂದಾಗ ಮಾತ್ರ ಪೊಲೀಸು! ಬೆಳಕಿಗೆ ಹಿಡಿದು ಆಚೆಗಿನ ಬೆರಳಿನ ನೆರಳು ಕಾಣುತ್ತದೋ ನೋಡುವುದು, ಉಗುರಿನಿಂದ ತಟ್ಟಿ ಕಿವಿಗೊಡುವುದು, ಕವುಚಿ ಹಾಕಿ ಮುದ್ರೆ ಓದುವುದು. ಯಾವುದರ ಅಂಚಿನ ನೀಲಿ ಗೆರೆ ತೆಳುವಾಗಿದೆ, ಯಾವುದರ ಹೊಳಪಿನಲ್ಲಿ ಸೂಜಿಮೊನೆಯಷ್ಟು ತೂತಿದೆ, ಎಲ್ಲವೂ ಅವಳಿಗೆ ಕಂಠಪಾಠ.

ಈ ಸಲ ಪ್ಲೇಟುಗಳು ಬಂದದ್ದು ಲವೀನಾಳ ಮಗಳ ನಿಶ್ಚಿತಾರ್ಥದಿಂದ. ಲವೀನಾ ಆಚೆಮನೆಯವಳು, ಮೂವತ್ತು ವರ್ಷದ ಗೆಳತಿ. ಆದರೇನು, ಅವಳು ಎದುರಿಗೆ ಕೂತಿದ್ದರೂ ಪರೀಕ್ಷೆ ತಪ್ಪುತ್ತದೆಯೇ? ಏಳನೆಯ ಪ್ಲೇಟಿಗೆ ಬಾಯಿಯ ಕೈ ನಿಂತಿತು. ಅದೇ ಕಂಪೆನಿ, ಅದೇ ಹೂವು. ಮುದ್ರೆಯ ಕೆಳಗೆ ಮಾತ್ರ ಮೈಕ್ರೋವೇವಿನಲ್ಲಿ ಇಡಬಹುದು ಎಂಬ ಸಣ್ಣ ಸಾಲು. ಉಳಿದ ಹನ್ನೊಂದರಲ್ಲಿ ಅದಿಲ್ಲ.

"ಒಡೆದದ್ದನ್ನು ಹೇಳಿದ್ದರೆ ನಾನೆಂತ ನಿನ್ನನ್ನು ನುಂಗುತ್ತಿದ್ದೆನಾ? ಕದ್ದುಮುಚ್ಚಿ ಬೇರೆ ತಂದಿಟ್ಟಿದ್ದೀಯಲ್ಲ!"

ಲವೀನಾ ಮೊಬೈಲು ತೆಗೆದು ಮುಂದೆ ಹಿಡಿದಳು. ಪ್ಲೇಟು ಕೊಂಡೊಯ್ದ ದಿನ, ಬಾಯಿ ಒಳಗೆ ಹೋಗಿದ್ದಾಗ, ಇದೇ ಮೇಜಿನ ಮೇಲೆ ಹನ್ನೆರಡನ್ನೂ ಕವುಚಿಟ್ಟು ತೆಗೆದ ಫೋಟೊ. ಅದರಲ್ಲಿಯೂ ಒಂದರ ಬೆನ್ನಿಗೆ ಆ ಸಾಲು ಇತ್ತು.

"ಫೋಟೊ ತೆಗೆದೆಯಾ? ನನ್ನ ಮೇಲೆ ಅಷ್ಟೂ ವಿಶ್ವಾಸ ಇಲ್ವಾ ನಿನಗೆ?"

"ನಿಮ್ಮ ಗುಣ ಗೊತ್ತುಂಟಲ್ಲ ಬಾಯಿ. ಹೆದರಿಕೆ."

ಅಡುಗೆಮನೆಯ ಬಾಗಿಲಲ್ಲಿ ರೊಸಾರಿಯೊ ಕೆಮ್ಮಿದ. "ಅವಳನ್ನು ಬಿಡು ಮಾರಾಯ್ತಿ. ಅದು ನಾನು ಒಡೆದದ್ದು. ಕಳೆದ ವರ್ಷ ನೀನು ಕಣ್ಣಿನ ಆಪರೇಶನ್ ಆಗಿ ಮಲಗಿದ್ದಿಯಲ್ಲ, ಆಗ ತೊಳೆಯುವಾಗ ಕೈ ಜಾರಿತು. ಜೋವಿನ್‌ಗೆ ಹೇಳಿ ದುಬೈಯಿಂದ ಅಂಥದ್ದೇ ತರಿಸಿದೆ. ಆಮೇಲೆ ಪ್ಲೇಟುಗಳು ಹೊರಗೆ ಹೋದದ್ದು ಇದೇ ಮೊದಲು."

ಮಗನಿಗೂ ಗೊತ್ತಿತ್ತು! ಬಾಯಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಲವೀನಾ ಈಗ ಹೇಳಿದಳಲ್ಲ," ಎಂದ ರೊಸಾರಿಯೊ. "ನನಗೂ ಅದೇ ಹೆದರಿಕೆ."

ಲವೀನಾ ಖಾಲಿ ಚೀಲ ಮಡಚಿಕೊಂಡು ಎದ್ದಳು. ಬಾಯಿ ಗಡಿಬಿಡಿಯಿಂದ ಅವಳ ಕೈ ಹಿಡಿದಳು. "ತಪ್ಪಾಯಿತು ಲವೀನಾ. ಮದುವೆಗೂ ಇವನ್ನೇ ಕೊಂಡುಹೋಗು. ನಾನು ನೋಡುವುದೇ ಇಲ್ಲ, ಆಣೆ."

ಲವೀನಾ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಬೇಡ ಬಾಯಿ, ಕೇಟರಿಂಗಿನವರೇ ತರುತ್ತಾರೆ. ನೀವು ಬನ್ನಿ."