ವಾಲಿದ ಮೊಳೆಯಲ್ಲಿ ಅವ್ವನ ಹೆಸರು

ನಿನ್ನೆ ಅಂಚೆಯಲ್ಲಿ ಒಂದು ಮದುವೆ ಕಾರ್ಡು ಬಂತು. ವಧೂವರರ ಹೆಸರು, ಊಟದ ವೇಳೆ, ಗಾಡಿ ನಿಲ್ಲಿಸುವ ಜಾಗ, ಎಲ್ಲವೂ ದಪ್ಪ ಅಕ್ಷರ, ಎಲ್ಲವೂ ಬಲಕ್ಕೆ ವಾಲಿದ್ದು. ಈಗ ಕಂಪ್ಯೂಟರಿನ ಗುಂಡಿ ಒತ್ತಿದರೆ ಯಾವ ಅಕ್ಷರ ಬೇಕಾದರೂ ವಾಲುತ್ತದೆ, ನೋಡಿ. ನನಗೋ, ರೇಷ್ಮೆ ಸೀರೆಯಲ್ಲಿ ನೆಲ ಒರೆಸಿದ್ದನ್ನು ಕಂಡಷ್ಟು ಸಂಕಟ.

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಗಳ ಹಿಂದೆ ಒಂದು ಪ್ರೆಸ್ಸಿತ್ತು. ಅಚ್ಚಿನ ಮೊಳೆಗಳಲ್ಲಿ, ಎಂದರೆ ಸೀಸದ ಬಿಡಿ ಅಕ್ಷರಗಳಲ್ಲಿ, ಮರಾಠಿಯವು ಗೋಡೆ ತುಂಬ, ಕನ್ನಡದವು ಒಂದು ಮೂಲೆಯಲ್ಲಿ. ಅದರಲ್ಲೂ ದಪ್ಪಗೆ ವಾಲಿದ, ಗೆರೆಯ ತುದಿಗೆ ಪುಟ್ಟ ಪಾದವಿದ್ದ ಮೊಳೆಗಳದು ಒಂದೇ ಪೆಟ್ಟಿಗೆ. ಮೊಳೆ ಜೋಡಿಸುವ ಮಲ್ಲಪ್ಪ ಕಾಕಾ ಅದನ್ನು ಸುಮ್ಮಸುಮ್ಮನೆ ಮುಟ್ಟುತ್ತಿರಲಿಲ್ಲ. ಜಾಹೀರಾತಿಗೆ ಅದೇ ಬೇಕೆಂದ ಸಾಬೂನು ವ್ಯಾಪಾರಿಯನ್ನೂ ವಾಪಸು ಕಳಿಸಿದ್ದರಂತೆ. “ನೆಟ್ಟಗಿದ್ದದ್ದು ಹಿರ್ಯಾರಿಗೆ, ವಾಲಿದ್ದು ಮದುಮಕ್ಕಳಿಗೆ” ಎಂಬುದು ಅವರ ಶಾಸ್ತ್ರ.

ನಾನಾಗ ಅಲ್ಲೇ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆ ಗೊತ್ತಾಗಿತ್ತು. ಅಪ್ಪ ತೀರಿಕೊಂಡ ಮೇಲೆ ನಮ್ಮೂರು ತಡವಳದ ಹೊಲ ನೋಡಿಕೊಂಡು ನನ್ನನ್ನು ಓದಿಸಿದವಳು ಅವ್ವ. ಆದರೆ ಅಕ್ಕಲಕೋಟದ ಸೋದರಮಾವ ಬರೆದುಕೊಟ್ಟ ಕಾರ್ಡಿನಲ್ಲಿ ಕರೆಯುವವನು ಅವನೇ. ಅವ್ವನ ಹೆಸರು ಎಲ್ಲೂ ಇಲ್ಲ. ಗಂಡ ಸತ್ತವಳ ಹೆಸರನ್ನು ಶುಭಕಾರ್ಯಕ್ಕೆ ಹಾಕುವ ರೂಢಿ ನಮ್ಮಲ್ಲಿರಲಿಲ್ಲ. ತರಗತಿಯಲ್ಲಿ ಹುಲಿಯಾದ ನಾನು ಮಾವನೆದುರು ಇಲಿ. ಅದನ್ನೇ ಪ್ರೆಸ್ಸಿಗೆ ಕೊಟ್ಟು ಬಂದೆ.

ಮರುದಿನ ಶಾಲೆ ಬಿಟ್ಟ ಮೇಲೆ ಪ್ರೂಫು ನೋಡುವ ನೆಪದಲ್ಲಿ ಒಬ್ಬಳೇ ಹೋದೆ.

“ಕಾಕಾ, ಕರಿಯಾವ್ರ ಜಾಗಾದಾಗ ಅವ್ವನ ಹೆಸ್ರು ಮೊದ್ಲ ಹಾಕ್ರಿ. ವಾಲಿದ ಮೊಳಿಯಾಗ. ಎಲ್ಲಾರ ಕಣ್ಣು ಅಲ್ಲೇ ಬೀಳಬೇಕು.”

ಕಾಕಾ ಕನ್ನಡಕ ತೆಗೆದರು. “ಮಾವಾರಿಗೆ ಗೊತ್ತೈತೇನ್ರಿ, ಸಾಲಿ ಬಾಯಾರ?”

“ಇಲ್ರಿ.”

ಅವರು ಪೆಟ್ಟಿಗೆಯಲ್ಲಿ ಬೆರಳಾಡಿಸಿದರು. “ನಿಮ್ಮ ಹೆಸ್ರಿಗೂ ‘ಲ’ ಬೇಕು, ನಿಮ್ಮವ್ವ ನೀಲವ್ವಾರಿಗೂ ಬೇಕು. ಇರೋದು ಒಂದ ಮೊಳಿ, ಅದೂ ನಿಮ್ಮ ಹೆಸ್ರಿನ್ಯಾಗ ಕೂತೈತಿ.”

“ನಂದು ತಗೀರಿ.”

ಕಾಕಾ ಆಗಲೇ ಜೋಡಿಸಿದ್ದ ನನ್ನ ಹೆಸರನ್ನು ಬಿಚ್ಚಿದರು. ಮದುಮಗಳು ಸಾದಾ ಅಕ್ಷರದಲ್ಲಿ, ಶಾಲೆಯ ಹಾಜರಿ ಪಟ್ಟಿಯಲ್ಲಿದ್ದಂತೆ, ನೆಟ್ಟಗೆ ನಿಂತಳು.

ಅಚ್ಚಾದ ಕಾರ್ಡಿನ ಕಟ್ಟು ಹಿಡಿದು ಮಾವ ಬಸ್ಸಿನಲ್ಲಿ ತಡವಳಕ್ಕೆ ಬಂದವನು, ಅದನ್ನು ಕಟ್ಟೆಯ ಮೇಲೆ ಕುಕ್ಕಿದ. “ಲಗ್ನದ ಕಾರ್ಡಿನ್ಯಾಗ ನೀಲವ್ವ ಅಂತ ಹಾಕ್ಸಿದವ್ರು ಯಾರು? ಮಂದಿ ಏನಂದಾರು?”

ರಜೆಗೆ ಊರಿಗೆ ಬಂದಿದ್ದ ನಾನು ಕಂಬದ ಹಿಂದೆ ಸರಿದೆ. ಅವ್ವನಿಗೆ ಓದಲು ಬಾರದು. ಈ ಸಂಗತಿ ಅವಳಿಗೆ ಗೊತ್ತಾದದ್ದೇ ಆ ಗಳಿಗೆಯಲ್ಲಿ. ಒಮ್ಮೆ ನನ್ನ ಕಡೆ ನೋಡಿದಳು.

“ಹಾಕ್ಸಂತ ನಾನ ಹೇಳೀನಿ, ಅಣ್ಣಾ. ಮಗಳು ನನ್ನಾಕಿ. ಕರಿಯಾಕಿನೂ ನಾನ.”

ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು. ಮಾವ ಚಹಾ ಕುಡಿದು, ಕಟ್ಟನ್ನು ಹಂಚಲು ತೆಗೆದುಕೊಂಡು ಹೋದ.

ಇದನ್ನು ನನ್ನ ಧೈರ್ಯದ ಕತೆಯೆಂದು ಇಷ್ಟು ವರ್ಷ ಕಂಡಕಂಡವರಿಗೆ ಹೇಳುತ್ತ ಬಂದಿದ್ದೇನೆ. ಇವತ್ತು ನಿಮ್ಮೆದುರು ಬಿಡಿಸಿಟ್ಟಾಗ ನಾಚಿಕೆಯಾಗುತ್ತಿದೆ. ಅವ್ವನಿಗೆ ಹೇಳದೆ ಅವಳ ಹೆಸರು ಹಾಕಿಸಿದವಳು ನಾನು; ಕಂಬದ ಹಿಂದೆ ನಿಂತವಳೂ ನಾನೇ. ತನಗೆ ಓದಲೂ ಬಾರದ ಆ ಅಕ್ಷರಗಳನ್ನು ತನ್ನವೆಂದು ಒಪ್ಪಿಕೊಂಡು, ಅಣ್ಣನೆದುರು ನಿಂತವಳು ಅವ್ವ.