ಹೆಸರೊಂದನ್ನು ಬಿಟ್ಟು ಎಲ್ಲವೂ

ಸಿಟ್ಟು ಆರಿದ ಮೇಲೆ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ನಿವೃತ್ತಳಾಗಿ ಬೆಸೆಂಟ್ ನಗರದ ಈ ಫ್ಲಾಟಿಗೆ ಬಂದ ಮೇಲೂ ಕಾದು ನೋಡಿದೆ. ಆರಲಿಲ್ಲ. ಇನ್ನು ಕಾಯುವುದಿಲ್ಲ.

ನಾನು ಕೆಲಸ ಮಾಡಿದ್ದು ಸರ್ಕಾರದ ತನಿಖಾ ಇಲಾಖೆಯೊಂದರ ಚೆನ್ನೈ ಕಚೇರಿಯಲ್ಲಿ, ಗುಪ್ತಮಾಹಿತಿ ವಿಭಾಗದಲ್ಲಿ. ಸಿನಿಮಾದಲ್ಲಿ ತೋರಿಸುವ ಹಾಗೆ ಅಲ್ಲಿ ಯಾರೂ ಮಾರುವೇಷ ಹಾಕುವುದಿಲ್ಲ. ಜನ ಬಂದು ಹೇಳುತ್ತಾರೆ, ನಾವು ಕೇಳುತ್ತೇವೆ. ಕೇಳಿದ್ದು ನಿಜವೇ ಎಂದು ನಾಲ್ಕು ಕಡೆಯಿಂದ ನೋಡುತ್ತೇವೆ. ನಿಜವೆನಿಸಿದರೆ ದಾಳಿ ಮಾಡುವವರ ಕೈಗೆ ಒಪ್ಪಿಸಿ ಹಿಂದೆ ಸರಿಯುತ್ತೇವೆ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿ ನೆಲೆಸಿದ, ಮನೆಯಲ್ಲಿ ಕನ್ನಡ ಮಾತಾಡುವ ವೈಷ್ಣವ ಮನೆತನ. ಎಲ್ಲರೂ ಬ್ಯಾಂಕು, ವಕೀಲಿಕೆ, ಲೆಕ್ಕಪರಿಶೋಧನೆ ಎಂದು ಮರ್ಯಾದೆಯ ಕೆಲಸ ಹಿಡಿದವರು. ನನ್ನ ಕೆಲಸದ ಬಗ್ಗೆ ಅಮ್ಮ ಬಂಧುಗಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಏನೋ ಸೆಂಟ್ರಲ್ ಗೌರ್ಮೆಂಟ್ ಆಫೀಸು." ಅಷ್ಟು ಸಾಕಾಗಿತ್ತು ನನಗೂ. ಈ ಕೆಲಸದಲ್ಲಿ ಮೇಲೇರಿದಷ್ಟೂ ಬಾಯಿ ಸಣ್ಣದಾಗಬೇಕು. ನಾನು ವಿಭಾಗದ ಎರಡನೆಯ ಸ್ಥಾನಕ್ಕೆ ಬರುವವರೆಗೆ ನನ್ನ ಮೇಲಿದ್ದ ಎಲ್ಲರೂ ಹಾಗೇ ಇದ್ದರು.

ಯಾರ ಕಥೆ ಹೇಳಲು ಕೂತಿದ್ದೇನೋ ಆಕೆ ನಮ್ಮ ಬಳಿ ಬಂದದ್ದು ಆ ಸಮಯದಲ್ಲಿ; ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಔಷಧಿಗಳ ಸಗಟು ವ್ಯಾಪಾರದ ಕಂಪನಿಯೊಂದರ ಗೋದಾಮಿನಲ್ಲಿ ಫಾರ್ಮಸಿಸ್ಟ್ ಆಗಿದ್ದಳು. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ, ತಾಯಿಯೊಂದಿಗೆ ಪೆರಂಬೂರಿನಲ್ಲಿ ವಾಸ. ತಂದೆ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಅವರಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದಾಗ ಕೊಟ್ಟ ಇಂಜೆಕ್ಷನ್ ಹಿಡಿಯಲೇ ಇಲ್ಲ. ಅಪ್ಪನ ಹಾಸಿಗೆಯ ಪಕ್ಕ ಕೂತು ಖಾಲಿ ಸೀಸೆಯನ್ನು ತಿರುಗಿಸಿ ನೋಡಿದಾಗ ಆಕೆಗೆ ಲೇಬಲ್ಲಿನ ಅಂಟು ಹೊಸದೆನಿಸಿತಂತೆ. ಅದು ತನ್ನದೇ ಗೋದಾಮಿನಿಂದ ಹೊರಟ ಮಾಲು. ಅವಧಿ ಮುಗಿದ ಸೀಸೆಗಳಿಗೆ ಹೊಸ ಲೇಬಲ್ ಹಚ್ಚುವ ಕೋಣೆ ಅದೇ ಕಟ್ಟಡದ ಹಿಂಭಾಗದಲ್ಲಿತ್ತು. ಅಪ್ಪ ಉಳಿಯಲಿಲ್ಲ. ತಿಥಿ ಮುಗಿಸಿ ಕೆಲಸಕ್ಕೆ ಮರಳಿದಳು. ಏನೂ ಗೊತ್ತಿಲ್ಲದವಳ ಹಾಗೆ ಇದ್ದು, ನಮ್ಮನ್ನು ಹುಡುಕಿಕೊಂಡು ಬಂದಳು.

ನಾವಿಬ್ಬರೂ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಭೇಟಿಯಾಗುತ್ತಿದ್ದೆವು. ಆಕೆ ಪೆರಂಬೂರಿನಲ್ಲಿ ಹತ್ತುತ್ತಿದ್ದಳು, ನಾನು ಮೊದಲೇ ಕೂತಿರುತ್ತಿದ್ದೆ. ಕನ್ನಡದಲ್ಲಿ ಮಾತಾಡಿದರೆ ಸುತ್ತಲಿನವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಅವರ ಮನೆಯದು ಬಳ್ಳಾರಿ ಕಡೆಯ ಕನ್ನಡ, ನಮ್ಮ ಮನೆಯದು ಇನ್ನೊಂದು. ಇಬ್ಬರದ್ದರಲ್ಲೂ ಅರ್ಧ ತಮಿಳು. ನನ್ನ ಮಗಳು ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ; ಈಕೆ ನನ್ನೊಂದಿಗೆ ಹಟ ಹಿಡಿದ ಹಾಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅಪ್ಪನೊಂದಿಗೆ ಮಾತಾಡುತ್ತಿದ್ದ ಭಾಷೆ ಎಂದು ಒಮ್ಮೆ ಹೇಳಿದಳು. ಯಾವ ಆಸ್ಪತ್ರೆಗೆ ಯಾವ ಮಾಲು ಹೋಗುತ್ತದೆ, ಹಿಂದಿನ ಕೋಣೆ ಯಾವಾಗ ತೆರೆಯುತ್ತದೆ, ಎಲ್ಲವನ್ನೂ ತಿಂಗಳುಗಟ್ಟಲೆ ತಂದು ಕೊಟ್ಟಳು. ಪ್ರತಿಯಾಗಿ ಕೇಳಿದ್ದು ಒಂದೇ, ತನ್ನ ವಿಷಯ ಹೊರಗೆ ಬರಬಾರದು. ಬರುವುದಿಲ್ಲ ಎಂದು ಇಲಾಖೆಯ ಪರವಾಗಿ ಮಾತು ಕೊಟ್ಟವಳು ನಾನು.

ಆ ನಡುವೆ ನಮ್ಮ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಬೇರೆ ರಾಜ್ಯದವರು, ಒಳ್ಳೆಯ ಎತ್ತರ, ಇನ್ನೂ ಒಳ್ಳೆಯ ಇಂಗ್ಲಿಷು. ಬಂದ ವಾರವೇ ನಮ್ಮನ್ನೆಲ್ಲ ಕೂರಿಸಿಕೊಂಡು ನಾಯಕತ್ವದ ಬಗ್ಗೆ ಮಾತಾಡಿದರು. ಈ ವಿಭಾಗ ಒಳ್ಳೆಯ ಕೆಲಸ ಮಾಡಿಯೂ ಯಾರ ಕಣ್ಣಿಗೂ ಬೀಳುತ್ತಿಲ್ಲ, ಅದು ನಾಯಕತ್ವದ ಸೋಲು ಎಂದರು. ಕಣ್ಣಿಗೆ ಬೀಳದಿರುವುದೇ ನಮ್ಮ ಕೆಲಸ ಎಂದು ನಾನು ಹೇಳಿದ್ದಕ್ಕೆ ನಕ್ಕು, ಅದು ಹಳೆಯ ಕಾಲದ ಯೋಚನೆ ಎಂದರು. ಕೋಣೆಯಲ್ಲಿದ್ದ ಇತರರೂ ನಕ್ಕರು.

ನಿಯಮದ ಪ್ರಕಾರ ದೊಡ್ಡ ದಾಳಿಗೆ ಮುಂಚೆ ಮುಖ್ಯಸ್ಥರಿಗೆ ಮಾಹಿತಿ ಕೊಟ್ಟವರು ಯಾರೆಂದು ಗೊತ್ತಿರಬೇಕು. ಅವರು ಕೇಳಿದರು, ಹೇಳಿದೆ. ಆ ಕುರ್ಚಿಯಲ್ಲಿ ಕೂತವರಿಗೆ ಬಾಯಿ ಹಿಡಿತದಲ್ಲಿರುತ್ತದೆ ಎಂದು ನಂಬಿ ಮಾಡಿದ ನಿಯಮ ಅದು.

ದಾಳಿ ಚೆನ್ನಾಗಿ ನಡೆಯಿತು. ಹಿಂದಿನ ಕೋಣೆ, ಲೇಬಲ್ಲುಗಳು, ಸೀಸೆಗಳ ರಾಶಿ, ಮಾಲೀಕ, ಅವನ ಇಬ್ಬರು ತಮ್ಮಂದಿರಲ್ಲಿ ಒಬ್ಬ, ಎಲ್ಲ ಸಿಕ್ಕಿತು. ಇನ್ನೊಬ್ಬ ತಮ್ಮ ತಪ್ಪಿಸಿಕೊಂಡ. ಅವನು ಹೊರಗಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾವು ಮೈಯೆಲ್ಲ ಕಿವಿಯಾಗಿ, ಬಾಯಿ ಮುಚ್ಚಿ ಕೂರಬೇಕಾಗಿತ್ತು. ನಮ್ಮ ಮುಖ್ಯಸ್ಥರು ಮರುದಿನವೇ ಪತ್ರಿಕಾಗೋಷ್ಠಿ ಕರೆದರು. ನಾವು ಬೇಡವೆಂದೆವು. ಬರೀ ಫೋಟೋ, ಎರಡು ಮಾತು ಅಷ್ಟೇ ಎಂದರು.

ಕ್ಯಾಮೆರಾಗಳ ಮುಂದೆ ಎರಡು ಮಾತು ಇಪ್ಪತ್ತಾಯಿತು. ಸುಳಿವು ಹೇಗೆ ಸಿಕ್ಕಿತು ಎಂದು ವರದಿಗಾರನೊಬ್ಬ ಕೇಳಿದ. ಹೇಳಲಾಗದು ಎಂದಿದ್ದರೆ ಅವನು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ. ಇವರು ಮುಗುಳ್ನಕ್ಕು, ಮೈಕನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಆ ಗೋದಾಮಿನೊಳಗೇ ದುಡಿಯುತ್ತಿದ್ದ ಒಬ್ಬ ಧೀರ ಹೆಣ್ಣುಮಗಳು ತನ್ನ ತಂದೆಯ ಸಾವಿನ ನೋವನ್ನು ನುಂಗಿಕೊಂಡು ನಮಗೆ ನೆರವಾದಳು, ತಮಿಳುನಾಡಿನ ಹೆಣ್ಣುಮಕ್ಕಳಿಗೆ ನನ್ನ ಸಲಾಮು ಎಂದರು. ಚಪ್ಪಾಳೆ ಬಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಕಾರಿಡಾರಿಗೆ ಬಂದು ಆಕೆಗೆ ಫೋನ್ ಮಾಡಿದೆ. ಆಗಲೇ ನೋಡಿದ್ದಳು.

"ಟಿವೀಲಿ ಬಂತು ಮೇಡಂ," ಎಂದಳು, ಬಹಳ ನಿಧಾನವಾಗಿ. "ಆ ಗೋಡೌನ್‌ನಾಗ ಹೆಂಗಸು ಅಂದ್ರೆ ನಾ ಒಬ್ಬಳೇ ದಾನ್."

ಮನೆ ಬಿಟ್ಟು ಹೊರಗೆ ಬರಬೇಡ, ವ್ಯವಸ್ಥೆ ಮಾಡುತ್ತೇನೆ ಎಂದು ಹೇಳಿ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದೆ. ಟಿವಿ ಹಾಕಿಕೊಂಡು ತಮ್ಮನ್ನು ತಾವೇ ನೋಡುತ್ತ ಕೂತಿದ್ದರು. ನೀವು ಆಕೆಯನ್ನು ತೋರಿಸಿಕೊಟ್ಟಿರಿ ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನಾನು ಹೆಸರು ಹೇಳಿದೆನಾ?" ಎಂದು ಕೇಳಿದರು.

ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದ್ದರು. ಕೆಲಸದ ಜಾಗ, ಹೆಣ್ಣೆಂಬುದು, ತೀರಿಕೊಂಡ ತಂದೆ. ಹಿರಿಯ ಅಧಿಕಾರಿಗೆ ಇಷ್ಟು ತಿಳಿಯುವುದಿಲ್ಲವೇ ಎಂದು ಆಗಿನ ಸಹೋದ್ಯೋಗಿಗಳು ಈಗಲೂ ನನ್ನನ್ನು ಕೇಳುತ್ತಾರೆ. ತಿಳಿಯುತ್ತದೆ. ಆದರೆ ಆ ಕ್ಷಣದಲ್ಲಿ ಆಕೆ ಅವರಿಗೆ ಮನುಷ್ಯಳಾಗಿರಲಿಲ್ಲ, ಭಾಷಣದ ಒಂದು ಒಳ್ಳೆಯ ಸಾಲಾಗಿದ್ದಳು. ಆಕೆಯ ಮನೆಗೆ ಕಾವಲು ಹಾಕಿಸಿ ಎಂದೆ. ಕಾವಲು ಹಾಕಿದರೆ ಅವಳೇ ಎಂದು ನಾವೇ ಒಪ್ಪಿಕೊಂಡ ಹಾಗಲ್ಲವೇ ಎಂದರು. ಎಷ್ಟು ಬುದ್ಧಿವಂತಿಕೆಯ ಮಾತು! ಅದರಲ್ಲಿ ಕಾಲು ಭಾಗ ಬುದ್ಧಿ ಮೈಕಿನ ಮುಂದೆ ಇದ್ದಿದ್ದರೆ ಸಾಕಾಗಿತ್ತು.

ನಾನು ನನ್ನ ಮಟ್ಟದಲ್ಲಿ ಆದದ್ದು ಮಾಡಿದೆ. ಪರಿಚಯದ ಸ್ಥಳೀಯ ಇನ್‌ಸ್ಪೆಕ್ಟರಿಗೆ ಬೀದಿಯ ಕಡೆ ಗಸ್ತು ಹೆಚ್ಚಿಸಲು ಕೇಳಿಕೊಂಡೆ. ತಾಯಿ ಮಗಳನ್ನು ಬಳ್ಳಾರಿಯ ನೆಂಟರ ಮನೆಗೆ ಕಳಿಸಲು ಟಿಕೆಟ್ಟಿಗೆ ಓಡಾಡಿದೆ. ಹೊರಡುವ ಹಿಂದಿನ ಸಂಜೆ ಆಕೆ ತಾಯಿಯ ಮಾತ್ರೆ ತರಲು ಸ್ಕೂಟರಿನಲ್ಲಿ ಹೋದಳು. ರೈಲ್ವೆ ಕ್ವಾರ್ಟರ್ಸ್ ಪಕ್ಕದ ರಸ್ತೆಯಲ್ಲಿ ಹಿಂದಿನಿಂದ ಬಂದ ವ್ಯಾನು ಗುದ್ದಿ, ನಿಲ್ಲದೆ ಹೋಯಿತು.

ಕೀಲ್ಪಾಕಿನ ಆಸ್ಪತ್ರೆಗೆ ನಾನು ಹೋದಾಗ ಆಪರೇಷನ್ ಆಗಿತ್ತು. ಸೊಂಟದ ಮೂಳೆ ಮುರಿದಿತ್ತು, ಎಡಗಾಲು ಎರಡು ಕಡೆ. ಆಕೆಗೆ ಇನ್ನೂ ಪೂರ್ತಿ ಎಚ್ಚರವಿರಲಿಲ್ಲ. ತಾಯಿ ಬಾಗಿಲ ಹೊರಗೆ ಬೆಂಚಿನ ಮೇಲಿದ್ದರು. ನನ್ನನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ, ಆದರೂ ಗುರುತಿಸಿದರು.

"ರೈಲಿನ್ಯಾಗ ಸಿಗೋ ಮೇಡಂ ನೀವೇ ಏನು?"

ಹೌದೆಂದೆ.

"ಅವರಪ್ಪ ಹೋದ್ರು. ಇವಳನ್ನೂ ಕೊಟ್ಟಿದ್ದೆ ನಿಮಗ. ಪೋದುಂ ಅಮ್ಮ. ಹೋಗ್ರಿ ಇನ್ನ."

ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಸಾಕು ಎಂದು ಅಷ್ಟು ಮೆಲ್ಲಗೆ ಹೇಳಿದವರ ಎದುರು ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ಹೊರಗೆ ಬಂದರೆ ಎಳನೀರಿನ ಗಾಡಿಯ ಮುಂದೆ ರೋಗಿಗಳ ಕಡೆಯವರ ಗುಂಪು. ಗುಂಪಿನಿಂದ ದೂರ ಹೋಗಿ ನಿಂತು ದೆಹಲಿಯ ದೊಡ್ಡ ಅಧಿಕಾರಿಗೆ ಫೋನ್ ಮಾಡಿದೆ. ನಮ್ಮ ಮುಖ್ಯಸ್ಥರಿಗೂ ಮುಖ್ಯಸ್ಥರು ಅವರು. ನಡೆದದ್ದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, ವ್ಯಾನು ಯಾರದ್ದೆಂದು ಸಾಬೀತಾಗಿದೆಯೇ ಎಂದರು. ಇಲ್ಲ ಎಂದೆ. ಹಾಗಾದರೆ ಅಪಘಾತ ಎಂದೇ ನೋಡೋಣ ಎಂದರು. ಇಡೀ ದೇಶವೇ ಮೆಚ್ಚಿದ ದಾಳಿಗೆ ಈಗ ಮಸಿ ಬಳಿಯುವುದು ಸರಿಯಲ್ಲ, ನಿಮ್ಮ ಮುಂದಿನ ಬಡ್ತಿಯೂ ಹತ್ತಿರದಲ್ಲಿದೆ ಎಂದೂ ನೆನಪಿಸಿದರು.

ತಪ್ಪಿಸಿಕೊಂಡಿದ್ದ ತಮ್ಮ ಕೆಲವು ತಿಂಗಳ ನಂತರ ಆಂಧ್ರದಲ್ಲಿ ಸಿಕ್ಕಿಬಿದ್ದ. ನಕಲಿ ಔಷಧಿಯ ಕೇಸಿನಲ್ಲಿ ಅವನ ಮೇಲೆ ಆರೋಪ ನಿಂತಿತು. ವ್ಯಾನಿನ ವಿಷಯದಲ್ಲಿ ನಿಲ್ಲಲಿಲ್ಲ. ನಮ್ಮ ಮುಖ್ಯಸ್ಥರಿಗೆ ಪದಕ ಬಂತು. ಹಿಂದೆಯೇ ದೆಹಲಿಗೆ ಬಡ್ತಿ. ಬೀಳ್ಕೊಡುಗೆಯಲ್ಲಿ ನಾನು ಮಾತಾಡಬೇಕೆಂದು ಸಹೋದ್ಯೋಗಿಗಳು ಒತ್ತಾಯಿಸಿದರು. ತಲೆನೋವೆಂದು ಹೇಳಿ ಹೋಗಲಿಲ್ಲ. ಅವರ ಕುರ್ಚಿ ನನಗೆ ಬಂತು.

ಕೂತ ದಿನವೇ ಆದೇಶ ಮಾಡಿದೆ. ನಮ್ಮ ವಿಭಾಗದ ಯಾರೂ, ಮುಖ್ಯಸ್ಥಳಾದ ನನ್ನನ್ನೂ ಸೇರಿಸಿ, ಪತ್ರಕರ್ತರ ಎದುರು ಕೂರುವಂತಿಲ್ಲ. ಮಾಹಿತಿ ಕೊಟ್ಟವರು ಯಾರೆಂದು ಅವರನ್ನು ಭೇಟಿಯಾಗುವ ಅಧಿಕಾರಿಗಷ್ಟೇ ಗೊತ್ತಿರಬೇಕು, ನನಗೂ ಬೇಡ. ಕೆಳಗಿನವರು ಗೊಣಗಿದರು: ಕೆಲಸ ನಮ್ಮದು, ಹೆಸರು ದಾಳಿ ಮಾಡಿದವರದ್ದೇ ಎಂದು. ದೆಹಲಿಯಿಂದ ವಿವರಣೆ ಕೇಳಿ ಫೋನು ಬಂತು. ಕೊಟ್ಟೆ. ಎಷ್ಟು ಒರಟಾಗಿ ಕೊಟ್ಟೆನೆಂದರೆ ಆಮೇಲೆ ಯಾರೂ ಕೇಳಲಿಲ್ಲ. ನನ್ನ ಕಾಲದುದ್ದಕ್ಕೂ ನಮ್ಮ ವಿಭಾಗದ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಮಗೆ ನೆರವಾದ ಒಬ್ಬರಿಗೂ ಏನೂ ಆಗಲಿಲ್ಲ.

ಆಕೆಗೊಂದು ಕೆಲಸ ಕೊಡಿಸಲು ಕೇಳದ ಬಾಗಿಲಿಲ್ಲ. ಎಲ್ಲ ಕಡೆಯೂ ಒಂದೇ ಉತ್ತರ, ಇಲಾಖೆಯ ಪ್ರಕಾರ ಅಂಥ ವ್ಯಕ್ತಿಯೇ ಇಲ್ಲ. ಟಿವಿಯ ಮುಂದೆ ಸಲಾಮು ಹೊಡೆಯಲು ಇದ್ದವಳು ನೆರವು ಕೇಳಿದಾಗ ಇರಲಿಲ್ಲ. ಕೊನೆಗೆ ಪರಿಚಯದವರ ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಒಪ್ಪಿಸಿ, ತಿಳಿಸಲು ಪೆರಂಬೂರಿಗೆ ಹೋದೆ. ಆಟೋದಲ್ಲಿ ಹೋದೆ, ಆಫೀಸಿನ ಕಾರು ಬೇಡವೆಂದು.

ಬಾಗಿಲು ತೆರೆದದ್ದು ಆಕೆಯೇ. ಕೈಯಲ್ಲಿ ಕೋಲಿತ್ತು. ತಾಯಿ ಒಳಗಿದ್ದರು, ಹೊರಗೆ ಬರಲಿಲ್ಲ. ಆಕೆ ಕಾಫಿ ಕೊಟ್ಟಳು, ಕೆಲಸದ ವಿಷಯ ಪೂರ್ತಿ ಕೇಳಿಸಿಕೊಂಡಳು. ತಾನೇ ಒಂದು ಕೆಲಸ ಹುಡುಕಿಕೊಂಡಿದ್ದೇನೆ, ಮನೆಯಿಂದಲೇ ಮಾಡುವಂಥದ್ದು ಎಂದಳು. ಏನೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಿಮ್ಮ ಮ್ಯಾಲೆ ಕೋಪ ಇಲ್ಲ ಮೇಡಂ," ಎಂದಳು. "ಆದ್ರ ನಾಳೆ ಇನ್ನೊಂದ್ಸಲ ಅಂಥಾ ಸೀಸೆ ಕೈಗೆ ಬಂದ್ರೆ ಸುಮ್ಮ ಇಟ್ಬಿಡ್ತೀನಿ. ಯಾರ ಹತ್ರಾನೂ ಹೇಳಂಗಿಲ್ಲ."

ಆ ಮಾತು ಕೇಳಿ ನನಗಾದದ್ದನ್ನು ದುಃಖ ಎನ್ನಲಾರೆ. ಒಬ್ಬ ಮನುಷ್ಯ ಮೈಕಿನ ಮುಂದೆ ಕಳೆದ ಅರ್ಧ ನಿಮಿಷ ಆಕೆಯ ಕಾಲನ್ನಷ್ಟೇ ಮುರಿದಿರಲಿಲ್ಲ. ಯಾವುದೋ ವಾರ್ಡಿನಲ್ಲಿ ಯಾರದೋ ಅಪ್ಪ ಇನ್ನೂ ಆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿರಬಹುದು, ಅದನ್ನು ಕಂಡವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿರಬಹುದು.

ಕಳೆದ ವರ್ಷ ಹೊಸ ಅಧಿಕಾರಿಗಳ ತರಬೇತಿಯಲ್ಲಿ ಮಾತಾಡಲು ನನ್ನನ್ನು ಕರೆದರು. ವಿಷಯ, ಗುಪ್ತಮಾಹಿತಿ ವಿಭಾಗದಲ್ಲಿ ನಾಯಕತ್ವ. ಹೋದಾಗ ಮೊದಲ ಸಾಲಿನಲ್ಲಿ ಅವರೇ ಕೂತಿದ್ದರು, ನನಗಿಂತ ಮುಂಚೆ ನಿವೃತ್ತರಾಗಿ ಈಗ ಅಲ್ಲಿನ ಸಲಹೆಗಾರರು. ನಾನು ಬರೆದುಕೊಂಡು ಹೋದದ್ದನ್ನು ಬದಿಗಿಟ್ಟು ಈ ಕಥೆಯನ್ನೇ ಹೇಳಿದೆ. ಇಲಾಖೆ ಯಾವುದು, ಊರು ಯಾವುದು, ಏನು ಔಷಧಿ, ಯಾವುದನ್ನೂ ಹೇಳದೆ, ಮುಖ್ಯಸ್ಥರು ಹೇಳಿದ ಮಾತು ಮತ್ತು ಅದರಿಂದ ಆದದ್ದನ್ನು ಮಾತ್ರ. ಹೊಸಬರು ಬರೆದುಕೊಳ್ಳುತ್ತಿದ್ದರು. ಅವರೂ ಗಮನವಿಟ್ಟು ಕೇಳುತ್ತಿದ್ದರು, ಒಂದೆರಡು ಕಡೆ ತಲೆಯಾಡಿಸಿದರು.

ಊಟದ ವಿರಾಮದಲ್ಲಿ ತಟ್ಟೆ ಹಿಡಿದು ನನ್ನ ಬಳಿ ಬಂದು, ಒಳ್ಳೆಯ ಉದಾಹರಣೆ, ಯಾವ ಇಲಾಖೆಯಲ್ಲಿ ನಡೆದದ್ದು ಎಂದು ಕೇಳಿದರು. ಸುತ್ತ ಹೊಸ ಅಧಿಕಾರಿಗಳಿದ್ದರು.

"ನಮ್ಮದರಲ್ಲೇ," ಎಂದೆ. "ಮಾತಾಡಿದ್ದು ನೀವು. ಆಕೆ ಇವತ್ತಿಗೂ ಕೋಲೂರಿ ನಡೆಯುತ್ತಾಳೆ."

"ಯಾರು?" ಎಂದರು.

ನಟನೆಯಾಗಿರಲಿಲ್ಲ. ಹುಬ್ಬು ಗಂಟಿಕ್ಕಿ ನಿಜಕ್ಕೂ ನೆನಪಿಸಿಕೊಳ್ಳಲು ನೋಡುತ್ತಿದ್ದರು, ಸಿಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೊಸ ಅಧಿಕಾರಿಗಳಲ್ಲಿ ಒಬ್ಬಳು ಅವರ ಮುಖವನ್ನೇ ನೋಡುತ್ತಿದ್ದವಳು, ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಆಚೆ ಸರಿದು ನಿಂತಳು. ನಾನು ಕೈ ತೊಳೆದು ಹೊರಟೆ.