ಅರ್ಜಿಗೆ ಲಗತ್ತಿಸಿದ ಏಳು ಕಾಗದಗಳು

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೆ ಹಳೆಯ ದಫ್ತರುಗಳನ್ನು ವಿಂಗಡಿಸುವ ಕೆಲಸಕ್ಕೆ ನನ್ನನ್ನು ಹಾಕಿದರು. ಆಗ ನನಗೆ ಇಪ್ಪತ್ಮೂರು ವರ್ಷ. ಹಳೆಯ ಮರಾಠಿ ದಫ್ತರುಗಳ ಮೋಡಿ ಅಕ್ಷರ ಓದಲು ಬರುತ್ತಿತ್ತು ಎಂಬುದೊಂದೇ ನನ್ನ ಯೋಗ್ಯತೆ. ಅದನ್ನು ಮನೆಯಲ್ಲಿ ಅಜ್ಜ ಕಲಿಸಿದ್ದರು. ನನ್ನ ಜೊತೆಗೆ ಒಬ್ಬ ಹಿರಿಯ ಕಾರಕೂನರಿದ್ದರು. ಸಂಸ್ಥಾನದ ಕಾಲದಲ್ಲಿಯೇ ನಿವೃತ್ತರಾದವರನ್ನು ಮತ್ತೆ ಕರೆಸಿದ್ದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ.

ಕಾಗದಗಳೆಲ್ಲ ಕೆಂಪು ಅರಿವೆಯ ಗಂಟುಗಳಲ್ಲಿದ್ದವು. ಗಂಟು ಬಿಚ್ಚಬೇಕು, ಓದಬೇಕು, ಇಡುವಂಥದ್ದನ್ನು ಒಂದು ಕಡೆ, ತೆಗೆದುಹಾಕುವಂಥದ್ದನ್ನು ಇನ್ನೊಂದು ಕಡೆ ಹಾಕಬೇಕು. ಜಮೀನು, ಇನಾಮು, ವತನದ ಕಾಗದ ಇಡಬೇಕು; ಖಾಸಗಿ ಪತ್ರ ಬೇಡ ಎಂದು ಮೇಲಿನ ಸಾಹೇಬರು ಹೇಳಿದ್ದರು. ಮೊದಲ ಎರಡು ತಿಂಗಳು ನಾನು ಹಾಗೆಯೇ ಮಾಡಿದೆ. ಎಷ್ಟು ಜನರ ಪತ್ರಗಳನ್ನು ಓದದೆ ಪಕ್ಕಕ್ಕೆ ಎಸೆದೆನೋ ಗೊತ್ತಿಲ್ಲ.

ಒಂದು ಮಧ್ಯಾಹ್ನ ಬನಹಟ್ಟಿಯ ಒಂದು ಅರ್ಜಿ ಸಿಕ್ಕಿತು. ಸುಮಾರು ಎಂಬತ್ತು ವರ್ಷ ಹಿಂದಿನದು. ಅರ್ಜಿದಾರಳು ಒಬ್ಬ ನೇಕಾರನ ಹೆಂಡತಿ. ಗಂಡ ಸೊಲ್ಲಾಪುರಕ್ಕೆ ನೇಯುವ ಕೆಲಸಕ್ಕೆ ಹೋಗಿ ಅಲ್ಲಿಯೇ ಬೇನೆಯಿಂದ ತೀರಿಕೊಂಡಿದ್ದ. ಅವನು ಇವಳನ್ನು ಬಿಟ್ಟೇ ಹೋಗಿದ್ದ, ಇವಳಿಗೆ ಮನೆಯಲ್ಲಿ ಹಕ್ಕಿಲ್ಲ ಎಂದು ಮೈದುನರು ಹೊರಗೆ ಹಾಕಿದ್ದರು. ಬಿಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅವಳು ಗಂಡ ಬರೆಸಿ ಕಳಿಸಿದ ಏಳು ಕಾಗದಗಳನ್ನು ಅರ್ಜಿಯ ಜೊತೆ ಕೊಟ್ಟಿದ್ದಳು. ಅಕ್ಷರ ಮೋಡಿ, ಆದರೆ ಮಾತು ನಮ್ಮದೇ ಕನ್ನಡ. ನಾನು ಗಟ್ಟಿಯಾಗಿ ಓದತೊಡಗಿದೆ.

“ಮಗ್ಗದ ಹಗ್ಗಾ ಸಡ್ಲಾಗಿದ್ರ ನೀ ಕಟ್ಟಬ್ಯಾಡ, ಕೈ ಕೊಯ್ಕೊತಿ. ನಾ ಬಂದ ಮ್ಯಾಲ ಕಟ್ಟತೇನಿ. ಹುಡುಗಿ ನಡ್ಯಾಕತ್ತೇತೇನು? ಆಕಿ ಪಾದದ ಅಳತಿ ನೂಲಿನಾಗ ತಗದು ಕಳಸು. ಇಲ್ಲಿ ಸಣ್ಣ ಚಪ್ಪಲಿ ಛಲೋ ಮಾಡತಾರ.”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನೊಮ್ಮಿ ಓದು ತಮ್ಮಾ,” ಎಂದರು.

ತೀರ್ಪು ಅವಳ ಪರವಾಗಿಯೇ ಆಗಿತ್ತು. ಮನೆ ಅವಳಿಗೆ ಉಳಿಯಿತು. ಕಾಗದಗಳು ಮಾತ್ರ ಪ್ರಕರಣದ ಜೊತೆ ಇಲ್ಲಿಯೇ ಉಳಿದವು. ಅವನ್ನು ವಾಪಸು ಕೊಡಬೇಕೆಂದು ಅವಳು ಎರಡು ಸಲ ಬರೆಸಿದ್ದಳು. ಎರಡಕ್ಕೂ ಒಂದೇ ಉತ್ತರ: ದಾಖಲಾದ ಕಾಗದವನ್ನು ಮರಳಿ ಕೊಡುವ ಪದ್ಧತಿಯಿಲ್ಲ.

ಆ ಕಟ್ಟನ್ನು ಪಕ್ಕಕ್ಕೆ ಹಾಕಲು ನನ್ನ ಕೈ ಬರಲಿಲ್ಲ. ಸಂಜೆ ಕುಳಿತು ಏಳನ್ನೂ ಕನ್ನಡ ಅಕ್ಷರದಲ್ಲಿ ನಕಲು ಮಾಡಿದೆ. ಓಣಿಯ ಹೆಸರು ಅರ್ಜಿಯಲ್ಲಿತ್ತು. ಭಾನುವಾರ ಕಾಕಾ ಮತ್ತು ನಾನು ಮೋಟಾರು ಹತ್ತಿ ಬನಹಟ್ಟಿಗೆ ಹೋದೆವು.

ಓಣಿಯ ತುಂಬ ಮಗ್ಗದ ಸಪ್ಪಳ. ಮೂರು ಮನೆ ಕೇಳುವುದರೊಳಗೆ ಗೊತ್ತಾಯಿತು. ಆ ಮನೆಯಲ್ಲಿ ಈಗ ಇದ್ದವಳು ಅರ್ಜಿದಾರಳ ಮೊಮ್ಮಗಳು, ಅರವತ್ತರ ಹತ್ತಿರದ ಹೆಂಗಸು. ಬಾಗಿಲ ಬಳಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕಚೇರಿಯಿಂದ ಬಂದವರೆಂದು ತಿಳಿದು ಗಾಬರಿಯಾದಳು.

“ಏನ ತಪ್ಪಾಗೇತ್ರಿ?”

“ತಪ್ಪೇನೂ ಇಲ್ಲವ್ವಾ. ನಿಮ್ಮ ಅಜ್ಜಿ ಕಾಗದಾ ಸಿಕ್ಕಾವ,” ಎಂದೆ.

ಸುತ್ತುತ್ತಿದ್ದ ಕೈ ನಿಂತಿತು. “ಖರೇನ ಅದಾವೇನ್ರಿ?” ಎಂದು ಕೇಳಿದಳು. ಕಂಡಿಕೆಯನ್ನು ಕೆಳಗಿಟ್ಟು ಹೇಳಿದಳು: “ಸಾಯೂತನಕ ಅಂತಿದ್ಲ್ರಿ, ನನ್ನ ಕಾಗದಾ ಜಮಖಂಡ್ಯಾಗ ಅದಾವ ಅಂತ. ಮುದುಕಿಗೆ ಅರಳುಮರಳು ಅಂತ ಎಲ್ಲಾರೂ ನಕ್ಕೆವಿ. ನಾನೂ ನಕ್ಕೇನ್ರಿ.”

ಓದಿ ಹೇಳಿದೆ. ಪಕ್ಕದ ಮಗ್ಗಗಳು ಒಂದೊಂದಾಗಿ ನಿಂತು, ನೇಯುತ್ತಿದ್ದವರು ಬಾಗಿಲಿಗೆ ಬಂದರು. ಚಪ್ಪಲಿಯ ಮಾತು ಬಂದಾಗ ಅವಳು ನನ್ನನ್ನು ತಡೆದಳು.

“ಆ ಹುಡುಗಿ ಅಂದ್ರ ನಮ್ಮವ್ವ. ಚಪ್ಪಲಿ ಬಂದೂವೇನ್ರಿ?”

ಮುಂದಿನ ಕಾಗದಗಳಲ್ಲಿ ಆ ವಿಷಯವಿರಲಿಲ್ಲ. ಬಂದವು ಎಂದು ಹೇಳಿಬಿಡಲೇ ಅನಿಸಿತು. ಅವಳ ಮುಖ ನೋಡಿ ಸುಳ್ಳು ಹೇಳುವುದು ಆಗಲಿಲ್ಲ. “ಕಾಗದದಾಗ ಅದನ್ನ ಬರಸಿಲ್ಲವ್ವಾ,” ಎಂದೆ. ಅವಳು ತಲೆ ಆಡಿಸಿದಳು. “ಇರ್ಲಿ, ಕೇಳ್ಯಾನಲ್ಲ,” ಎಂದಳು.

ಮರುದಿನ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆವು. ಕೇಳದೆ ನಕಲು ಮಾಡಿದ್ದಕ್ಕೆ ಅವರು ನನ್ನನ್ನು ಚೆನ್ನಾಗಿ ಬೈದರು. ಬೈದು ಮುಗಿಸಿದ ಮೇಲೆ, “ಆಕೀನ್ನ ಬರಾಕ ಹೇಳ್ರಿ. ಇಲ್ಲೇ ಕೂತ ನೋಡ್ಲಿ,” ಎಂದರು.

ಅವಳು ಮಗನೊಂದಿಗೆ ಬಂದಳು, ಹೊಸ ಸೀರೆ ಉಟ್ಟು. ಮೇಜಿನ ಮೇಲೆ ಏಳು ಕಾಗದಗಳನ್ನೂ ಹರಡಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಬೆರಳಿನಿಂದ ಸಾಲಿನುದ್ದಕ್ಕೂ ಮೆಲ್ಲಗೆ ಸವರಿದಳು. ಕಡೆಯ ಕಾಗದದ ಕೆಳಗೆ, ಸಹಿಯ ಜಾಗದಲ್ಲಿ, ಒಂದು ಹೆಬ್ಬೆಟ್ಟಿನ ಗುರುತಿತ್ತು. ಅದು ಯಾರದೆಂದು ಕೇಳಿದಳು. ನಿಮ್ಮ ಅಜ್ಜನದು ಎಂದೆ. ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮನೆಗೆ ಒಯ್ಯಲು ವಿಶೇಷ ಅಪ್ಪಣೆ ಕೇಳಿ ನೋಡೋಣ ಎಂದು ಅವರೇ ಹೇಳಿದರು. ಅವಳು ಬೇಡವೆಂದಳು. “ನಮ್ಮ ಮನ್ಯಾಗ ಹುಳಾ ತಿಂತಾವ್ರಿ. ಇಷ್ಟ ವರ್ಷ ಇಲ್ಲಿ ಉಳದಾವ, ಇಲ್ಲೇ ಇರ್ಲಿ. ಅದಾವ ಅಂತ ಗೊತ್ತಾತಲ್ಲ, ಸಾಕು.”

ಅಂದಿನಿಂದ ಖಾಸಗಿ ಪತ್ರಗಳನ್ನು ತೆಗೆದುಹಾಕುವುದು ನಿಂತಿತು. ಪಕ್ಕಕ್ಕೆ ಹಾಕಿದ್ದನ್ನೆಲ್ಲ ಮತ್ತೆ ತಂದು, ಜಮಖಂಡಿ, ಬನಹಟ್ಟಿ, ಸಾವಳಗಿ ಎಂದು ಊರುವಾರು ಕಟ್ಟಿದೆವು. ಕಾಕಾ ಆ ಕೆಲಸ ಪೂರ್ತಿಯಾಗುವ ತನಕ ಒಂದು ದಿನವೂ ರಜೆ ಹಾಕಲಿಲ್ಲ.

ಕಾಗದ ನೋಡಿ ಹೊರಟ ಆ ದಿನ ಅವಳನ್ನು ಮೋಟಾರು ಸ್ಟ್ಯಾಂಡಿನವರೆಗೆ ಬಿಡಲು ನಾನೇ ಹೋಗಿದ್ದೆ. ಬನಹಟ್ಟಿಯ ಗಾಡಿ ಇನ್ನೂ ಬಂದಿರಲಿಲ್ಲ. ಅವಳು ಹತ್ತಿರ ಬಂದು, ಸೊಲ್ಲಾಪುರಕ್ಕೆ ಹೇಗೆ ಹೋಗಬೇಕೆಂದು ಕೇಳಿದಳು. ವಿಜಾಪುರದಲ್ಲಿ ಇಳಿದು ರೈಲು ಹಿಡಿಯಬೇಕೆಂದೆ.

“ಅಲ್ಲಿ ಯಾರದಾರವ್ವಾ?”

“ಯಾರೂ ಇಲ್ಲರಿ. ಅಜ್ಜ ಇದ್ದ ಊರು ಹ್ಯಾಂಗೈತಿ ಅಂತ ಒಮ್ಮಿ ನೋಡಿ ಬರತೇನಿ.”

ಮಗ ನಗಲಿಲ್ಲ. ಸುಗ್ಗಿ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದ.